ಮಾತಿಗೆ ಮೊದಲ ಪಾಳಿ

ಇಂಟರ್‌ನೆಟ್ ಅಂಗಡಿ ಇಟ್ಟವನಿಗೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಒಬ್ಬ ಆ ತುದಿ, ಒಬ್ಬ ಈ ತುದಿ ಕೂತು ಮಾತು ಶುರು ಮಾಡಿದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲದಲ್ಲಿ ಜತ್ತ ಊರಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ ಇತ್ತು. ಆರು ಕಂಪ್ಯೂಟರ್, ಎಲ್ಲಕ್ಕೂ ಸೇರಿ ಒಂದೇ ಲೈನು, ಮೂಲೆಯಲ್ಲಿ ಇಂಟರ್‌ನೆಟ್ ಫೋನಿನ ಪ್ಲೈವುಡ್ ಕ್ಯಾಬಿನ್. ದುಬೈ, ಸೌದಿಗೆ ಹೋದವರ ಮನೆಯವರೆಲ್ಲ ಅಲ್ಲಿಗೇ ಬರುತ್ತಿದ್ದರು.

೧. ಬಸ್ಸಿನವರ ಒಪ್ಪಿಗೆ

ಪಕ್ಕದ ಬಳೆ ಅಂಗಡಿಯ ಚಾಚಿಯ ಗಂಡ ಸೌದಿಯಲ್ಲಿ ಹೊಲಿಗೆ ಕೆಲಸಕ್ಕಿದ್ದರು. ಮಗಳಿಗೆ ಮುಚ್ಚಂಡಿಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗಿಯ ಅಪ್ಪನ ಬಾಯಿಂದ ಒಂದು ಮಾತು ಕೇಳಿ, ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವುದಷ್ಟೇ ಬಾಕಿ ಎಂದು ಹುಡುಗನ ದೊಡ್ಡಪ್ಪ ಒಂದು ಶುಕ್ರವಾರ ಕ್ಯಾಬಿನ್ನಿಗೆ ಬಂದು ಕೂತರು. ಅವತ್ತು ಅಂಗಡಿ ತುಂಬ ಗಿರಾಕಿ. ಫೋನಿನ ದನಿ ತುಂಡು ತುಂಡಾಗಿ ಬರುತ್ತಿತ್ತು.

“ಚಾಚಾ, ಮೆಲ್ಲಗ ಮಾತಾಡ್ರಿ” ಎಂದು ದೊಡ್ಡಪ್ಪನಿಗೆ ಅಂದೆ.

“ಸೌದಿ ಭಾಳ ದೂರ ಐತೋ ತಮ್ಮಾ!” ಎಂದವರೇ, “ನಮ್ಮ ಹುಡುಗ ನಿಮಗ ಒಪ್ಪಿಗಿ ಏನ್ರೀ?” ಎಂದು ಒದರಿದರು. ಸೌದಿಯಿಂದ ಉತ್ತರವಿಲ್ಲ. ಹೊರಗೆ ನಿಂತಿದ್ದ ಬಸ್ಸಿನ ಕಿಟಕಿಗಳಿಂದ ಮಾತ್ರ “ಒಪ್ಪಿಗಿರೀ!” ಎಂದು ಒಕ್ಕೊರಲಿನಲ್ಲಿ ಬಂತು.

ದೊಡ್ಡಪ್ಪ ನಗಲಿಲ್ಲ. “ಮನಸ್ ಇದ್ರ ಇಷ್ಟೊತ್ತು ವಿಚಾರ ಮಾಡ್ತಾರೇನು? ಬರೂ ಶುಕ್ರವಾರ ಮತ್ತೊಮ್ಮೆ ಕೇಳ್ತೀನಿ. ಆಗೂ ಹಿಂಗ ಸುಮ್ಮನಾದ್ರ ನಾವು ಬ್ಯಾರೆ ಮನಿ ನೋಡ್ತೀವಿ” ಎಂದು ಎದ್ದರು.

“ತಮ್ಮಾ, ನಿನ್ನ ಲೈನಿನ ಸಲುವಾಗಿ ನನ್ನ ಮಗಳ ಸಂಬಂಧ ಮುರೀಬಾರದು ನೋಡು” ಎಂದು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದ ಚಾಚಿ ಕಣ್ಣು ಒರೆಸಿಕೊಂಡರು. ಬಸ್ಸಿನವರ ಒಪ್ಪಿಗೆ ನಡೆಯುವಂತಿದ್ದರೆ ಅವತ್ತೇ ಸಕ್ಕರೆ ಹಂಚಬಹುದಿತ್ತು.

೨. ಮಾಸ್ತರರ ಸೌಜನ್ಯ

ದನಿ ಯಾಕೆ ಕಡಿಯುತ್ತದೆಂದು ನನಗೆ ಗೊತ್ತಿತ್ತು. ಯಾರಾದರೂ ಕಂಪ್ಯೂಟರಿನಲ್ಲಿ ಹಾಡು ಇಳಿಸಲು ಹಚ್ಚಿದರೆ ಅದೇ ಇಡೀ ಲೈನು ನುಂಗುತ್ತಿತ್ತು, ಮಾತಿಗೆ ಜಾಗವೇ ಉಳಿಯುತ್ತಿರಲಿಲ್ಲ. ಹಾಡಿನ ಕಾಯಂ ಗಿರಾಕಿ ಎಂದರೆ ನಮ್ಮ ಸಾಲಿ ಮಾಸ್ತರರು. ಮರುದಿನ ಯಾರದೋ ಫೋನು ನಡೆದಿದ್ದಾಗ ಅವರನ್ನು ಬೇಡಿಕೊಂಡೆ: “ಸರ್, ಫೋನ್ ನಡದೈತಿ, ಹಾಡು ಸ್ವಲ್ಪ ಬಂದ್ ಮಾಡ್ರಿ.”

“ಅಷ್ಟೂ ತಿಳಿಯೂದಿಲ್ಲೇನಪಾ ನನಗ? ಆಗಲೇ ಬಂದ್ ಮಾಡೀನಿ.”

ಹೋಗಿ ನೋಡಿದರೆ ಬಂದ್ ಆಗಿದ್ದದ್ದು ಸ್ಪೀಕರ್. ಹಾಡುಗಳು ಸಾಲಾಗಿ ಇಳಿಯುತ್ತಲೇ ಇದ್ದವು. ಮೇಲಾಗಿ ಅಕ್ಕಪಕ್ಕದವರಿಗೆಲ್ಲ “ಗದ್ಲ ಮಾಡಬ್ಯಾಡ್ರಿ, ಫೋನ್ ಕಡೀತೈತಿ” ಎಂದು ತಾಕೀತು ಮಾಡಿದ್ದರು. ಪಾಪ, ಅವರೆಲ್ಲ ಉಸಿರು ಬಿಗಿಹಿಡಿದು, ಮಲಗಿದ ಕೂಸನ್ನು ತಟ್ಟಿದ ಹಾಗೆ ಕೀಬೋರ್ಡ್ ತಟ್ಟುತ್ತಿದ್ದರು.

೩. ಗಿರಣಿಯ ಪದ್ಧತಿ

ಸಾಂಗಲಿಯ ಗೆಳೆಯನಿಂದ ಒಂದು ಸಾಫ್ಟ್‌ವೇರ್ ತಂದು ಹಾಕಿದೆ. ಇನ್ನು ಲೈನಿನಲ್ಲಿ ಮಾತಿಗೆ ಮೊದಲ ಪಾಳಿ. ಹಾಡು, ಚಿತ್ರಗಳಿಗೆ ಉಳಿದಷ್ಟು. ಮಾಸ್ತರರಿಗೆ ಸಿಟ್ಟು ಬಂತು. “ನಾ ಮೊದಲ ಬಂದ್ ಕುಂತೀನಿ. ನನ್ನ ಹಾಡು ಯಾಕ ತೆವಳಾಕತ್ತಾವು?”

ನಾನು ಎದುರಿನ ಹಿಟ್ಟಿನ ಗಿರಣಿ ತೋರಿಸಿದೆ. ಜೋಳದ ಚೀಲ ತಂದವರು ಎಷ್ಟೇ ಮೊದಲು ಬಂದಿರಲಿ, ಕೂಸಿನ ಗಂಜಿಗೆಂದು ಒಂದು ಬಟ್ಟಲು ಕಾಳು ತಂದವಳನ್ನು ಅಲ್ಲಿ ಮುಂದೆ ಬಿಡುತ್ತಾರೆ. “ಮಾತು ಅಂದ್ರ ಆ ಬಟ್ಟಲ ಇದ್ದಂಗ ಸರ್. ಇರೂದು ಇಷ್ಟ, ಆದ್ರ ತಡಾ ಆದ್ರ ನಡಿಯೂದಿಲ್ಲ. ನಿಮ್ಮ ಹಾಡು ಚೀಲ. ಸಾವಕಾಶ ಬಂದ್ರೂ ಕೆಡೂದಿಲ್ಲ.”

ಮಾಸ್ತರರು ತಲೆಯಾಡಿಸಿದರು. ಸಂಜೆ ನೋಡಿದರೆ ಕ್ಯಾಬಿನ್ನಿನಲ್ಲಿ ರಿಸೀವರ್ ಕಿವಿಗಿಟ್ಟು, ಕಣ್ಣು ಮುಚ್ಚಿ ಕೂತಿದ್ದಾರೆ. ಮಸ್ಕತ್‌ನ ಗೆಳೆಯನಿಗೆ ಫೋನ್ ಮಾಡಿ, ಅಲ್ಲಿ ಟೇಪ್ ಹಚ್ಚಿಸಿ, ಇಲ್ಲಿ ಹಾಡು ಕೇಳುತ್ತಿದ್ದರು. ನನ್ನನ್ನು ಕಂಡು, “ಚೀಲ ಬಿಟ್ನೆಪಾ, ಬಟ್ಟಲದಾಗ ತರಾಕತ್ತೀನಿ” ಅಂದರು.

೪. ಸೌದಿಗೆ ಸಕ್ಕರೆ

ಶುಕ್ರವಾರ ಬಂತು. ಚಾಚಿ ಸೆರಗಿನಲ್ಲಿ ಸಕ್ಕರೆ ಪುಡಿಕೆ ಮುಚ್ಚಿಟ್ಟುಕೊಂಡು ಬಂದರು. ಮಾಸ್ತರರು ಹಾಡು ನಿಲ್ಲಿಸಿದರು, ಈ ಸಲ ನಿಜವಾಗಿಯೂ. ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಚ್ಚಿದೆ.

“ನಮ್ಮ ಹುಡುಗ ನಿಮಗ ಒಪ್ಪಿಗಿ ಏನ್ರಿ?” ದೊಡ್ಡಪ್ಪ ಮೆಲ್ಲಗೆ ಕೇಳಿದರು.

ಉತ್ತರವಿಲ್ಲ. ದೊಡ್ಡಪ್ಪನ ಮುಖ ಬಿಗಿಯಿತು, ಚಾಚಿಯ ಮುಖ ಬಿಳಿಚಿತು. ನಾನು ಕಂಪ್ಯೂಟರಿನ ಪರದೆ ನೋಡಿದೆ. ಲೈನು ಸರಿಯಾಗಿಯೇ ಇತ್ತು, ಅದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ಅಷ್ಟರಲ್ಲಿ ಬಿಕ್ಕುವ ಸದ್ದು ಕೇಳಿಸಿತು.

“ಅಳಾಕತ್ತಾರ!” ಎಂದು ದೊಡ್ಡಪ್ಪ ಕಣ್ಣರಳಿಸಿದರು. “ಬಾಜೂಕ ಕುಂತು ಅತ್ತಂಗ ಕೇಳತೈತಿ! ಏನ್ ಲೈನ್ ಐತೋ ತಮ್ಮಾ!”

“ಒಪ್ಪಿಗಿ ಐತ್ರಿ ಭಾಯಿ,” ಎಂದಿತು ಸೌದಿಯ ದನಿ. “ನನ್ನ ಮಗಳ ಸಕ್ಕರಿ ಎಲ್ಲಾರೂ ತಿಂತೀರಿ, ನಾ ಒಬ್ಬಾಂವ ಅಲ್ಲಿಲ್ಲ. ಅದಕ್ಕ ದುಃಖ ಬಂತು.”

“ಯಾಕ ಇಲ್ಲ? ಬಾಯಿ ತಗೀರಿ!” ಎನ್ನುತ್ತ ದೊಡ್ಡಪ್ಪ ಪುಡಿಕೆಗೆ ಕೈಹಾಕಿ, ರಿಸೀವರಿನಲ್ಲಿ ಮಾತಾಡುವ ತೂತುಗಳಿಗೆಲ್ಲ ಸಕ್ಕರೆ ಒತ್ತಿಬಿಟ್ಟರು. “ಮುಟ್ಟಿತೇನ್ರಿ?”

ಆ ಕಡೆಯಿಂದ ಅಳುತ್ತಲೇ ನಗು. “ಮುಟ್ಟಿತ್ರಿ… ಭಾಳ ಸಿಹಿ ಐತಿ.”

ಅಂಗಡಿಗೆ ಅಂಗಡಿಯೇ ನಕ್ಕಿತು, ಅತ್ತಿತು. ನನಗೂ ತಡೆಯಲಾಗಲಿಲ್ಲ.

ಮುಂದಿನ ವಾರ ಫೋನಿನ ದನಿ ಮತ್ತೆ ಕಡಿಯತೊಡಗಿತು. ಸಾಫ್ಟ್‌ವೇರ್ ನೋಡಿದೆ, ಲೈನು ನೋಡಿದೆ, ಮಾಸ್ತರರನ್ನೂ ನೋಡಿದೆ; ಎಲ್ಲ ಸರಿಯಾಗಿತ್ತು. ಕಡೆಗೆ ರಿಸೀವರ್ ಬಿಚ್ಚಿದೆ. ಒಳಗೆ ಇರುವೆಗಳು ಒಂದೊಂದು ಹರಳು ಸಕ್ಕರೆ ಹೊತ್ತು ಶಿಸ್ತಾಗಿ ಸಾಗಿದ್ದವು, ಮಾತಿಗಿಂತ ಮೊದಲ ಪಾಳಿಯಲ್ಲಿ.