ಕುಂಬಳಕಾಯಿಯ ಮೇಲೆ ಕರಾಚಿ

ನಮ್ಮ ಸೋದರತ್ತೆಯಷ್ಟು ವಿಮಾನದ ಬಗ್ಗೆ ತಿಳಿದವರು ಇಡೀ ಹಾನಗಲ್ಲಿನಲ್ಲಿ ಇನ್ನೊಬ್ಬರಿರಲಿಲ್ಲ. ಆಕೆ ವಿಮಾನವನ್ನು ಕಂಡೇ ಇರಲಿಲ್ಲ ಎಂಬುದು ಬೇರೆ ಮಾತು! ಹುಬ್ಬಳ್ಳಿಯ ಆಚೆ ಕಾಲಿಟ್ಟವಳೂ ಅಲ್ಲ. ಆದರೆ ಎರಡು ದಿನ ತಡವಾಗಿ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಅಕ್ಷರ ಬಿಡದೆ ಓದುತ್ತಿದ್ದಳು. ಕರಾಚಿಯಿಂದ ಲಂಡನ್ನಿಗೆ ವಿಮಾನ ಹಾರುತ್ತದೆ ಎಂದು ಓದಿದ ದಿನದಿಂದ, ಅದು ಎಷ್ಟು ದೂರ, ಎಷ್ಟು ಹೊತ್ತು ಎಂಬುದು ಆಕೆಯ ಸ್ವಂತ ವ್ಯವಹಾರವಾಯಿತು.

ಸಾಲೆಯ ಮಾಸ್ತರರು ಗೋಡೆಯ ನಕಾಶೆಗೆ ಅಳತೆಪಟ್ಟಿ ಇಟ್ಟು, ಇಷ್ಟು ಮೈಲಿ ಎಂದರು. ಅತ್ತೆ ಒಪ್ಪಲಿಲ್ಲ. ಭೂಮಿ ದುಂಡಗಿದೆ ಎಂದು ಮಕ್ಕಳಿಗೆ ಕಲಿಸುವವರೇ ಅದನ್ನು ಗೋಡೆಗೆ ಬಡಿದು ಅಳೆದರೆ ಹೇಗೆ? ಮನೆಗೆ ಬಂದವಳೇ ಒಂದು ದೊಡ್ಡ ಕುಂಬಳಕಾಯಿಯ ಮೇಲೆ ಕಾಡಿಗೆಯಿಂದ ಊರುಗಳನ್ನು ಗುರುತಿಸಿ, ದಾರ ಎಳೆದು ಅಳೆದಳು. ನಡುವೆ ವಿಮಾನ ಇಳಿಯುವ ಬಸ್ರಾ, ಕೈರೋಗಳಿಗೂ ಒಂದೊಂದು ಬೊಟ್ಟು ಬಿತ್ತು. ಲೆಕ್ಕ ಮುಗಿಯುವವರೆಗೆ ಆ ಕಾಯಿ ಹೆಚ್ಚುವಂತಿರಲಿಲ್ಲ. ವಾರಗಟ್ಟಲೆ ನಾವು ಬರೀ ಬೇಳೆ ಉಂಡೆವು. ಕೊನೆಗೆ ಅದು ಲಂಡನ್ನಿನ ಕಡೆಯಿಂದ ಕೊಳೆಯತೊಡಗಿತು.

ಮುಂದಿನ ಜಗಳ ವೇಳೆಯದು. ಮಾಸ್ತರರು ಮೈಲಿಯನ್ನು ವೇಗದಿಂದ ಭಾಗಿಸಿ, ಎರಡೇ ದಿನ ಎಂದರು.

“ಮಾಸ್ತರ್ರ, ಭಾಗಾಕಾರ ಮಾಡಿದ್ರ ಹುಬ್ಬಳ್ಳಿಗೆ ಎರಡು ತಾಸು. ಮುಂಜಾನೆ ಬಿಟ್ಟ ಬಸ್ಸು ಮುಟ್ಟೂದು ಮಧ್ಯಾಹ್ನಕ್ಕ. ಶಿಗ್ಗಾಂವಿಯೊಳಗ ಡ್ರೈವರ್ ಚಾ ಕುಡೀಬೇಕು, ಇಂಜಿನ್ನಿಗೆ ನೀರು ಹಾಕಬೇಕು. ಇಮಾನದವರಿಗೆ ಹೊಟ್ಟಿ ಇಲ್ಲೇನ್ರಿ?”

ಅಲ್ಲಲ್ಲಿ ಇಳಿದು, ಎಣ್ಣೆ ತುಂಬಿಕೊಂಡು, ಪ್ರಯಾಣಿಕರಿಗೆ ಉಣ್ಣಿಸಿ ಮಲಗಿಸಿ ಹೋಗುವ ಹೊತ್ತಿಗೆ ವಾರದ ಹತ್ತಿರ ಆಗುತ್ತದೆಂದು ಮುಂದೆ ಪತ್ರಿಕೆಯಲ್ಲೇ ಬಂತು. ಮಾಸ್ತರರು ಒಂದು ತಿಂಗಳು ನಮ್ಮ ಓಣಿ ಬಿಟ್ಟು, ಸುತ್ತುಹಾಕಿ ಸಾಲೆಗೆ ಹೋದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಅತ್ತೆಯ ಒಬ್ಬನೇ ಮಗ ಬ್ರಿಟಿಷರ ಸೈನ್ಯದ ಲಾರಿ ಓಡಿಸಲು ಹೋದ. ಕಾಲಿಗೆ ಪೆಟ್ಟು ಬಿದ್ದು ಕೈರೋದ ಆಸ್ಪತ್ರೆಯಲ್ಲಿದ್ದಾನೆ, ಹಡಗಿನಲ್ಲಿ ಜಾಗ ಸಿಕ್ಕಾಗ ಕಳಿಸುತ್ತಾರೆ ಎಂದು ಕಾಗದ ಬಂತು. ಅತ್ತೆ ಅಳಲಿಲ್ಲ. ಒಳ್ಳೆಯ ಸೀರೆ ಉಟ್ಟು, ನನ್ನಪ್ಪನನ್ನು ಎಬ್ಬಿಸಿಕೊಂಡು ತಾಲೂಕು ಕಚೇರಿಗೆ ಹೋದಳು. ಅಲ್ಲಿ ನಡೆದದ್ದನ್ನು ಅಪ್ಪನೇ ಹೇಳಿದ್ದು. ಕೈರೋದಿಂದ ಕರಾಚಿಗೆ ಮೂರು ದಿನ, ಅಲ್ಲಿಂದ ರೈಲು ಎಂದು ಲೆಕ್ಕ ಒಪ್ಪಿಸಿ, ಮಗನನ್ನು ವಿಮಾನದಲ್ಲಿ ಕಳಿಸುವಂತೆ ಮೇಲಕ್ಕೆ ಬರೆಯಿರಿ ಎಂದಳಂತೆ. ಅಧಿಕಾರಿಗಳು ನಕ್ಕು, ವಿಮಾನ ಇರುವುದು ದೊಡ್ಡವರಿಗೆ ಎಂದರಂತೆ.

“ಅವರ ಯುದ್ಧಕ್ಕ ಕಾಲು ಕೊಟ್ಟಾಂವ ಸಣ್ಣಾಂವ ಹೆಂಗ ಆಗ್ತಾನ್ರಿ?” ಅತ್ತೆ ಕುರ್ಚಿ ಎಳೆದುಕೊಂಡು ಕುಳಿತಳು. “ಬರೀರಿ. ಬರಿಯೋತನಕ ನಾ ಏಳೂದಿಲ್ಲ.”

ಕಚೇರಿಗೆ ಬೀಗ ಹಾಕುವ ಹೊತ್ತಿಗೆ ಅರ್ಜಿ ಬರೆದಾಯಿತು. ಉತ್ತರ ಮಾತ್ರ ಬರಲೇ ಇಲ್ಲ.

ಮಗ ಹಡಗಿನಲ್ಲೇ ಬಂದ, ನಾಲ್ಕು ತಿಂಗಳ ಮೇಲೆ. ಹಾನಗಲ್ಲಿನ ಬಸ್ಸಿನಿಂದ ಮೊದಲು ಊರುಗೋಲು ಇಳಿಯಿತು, ಆಮೇಲೆ ಅವನು. ಮನೆ ಅಲ್ಲಿಂದ ಅರ್ಧ ಮೈಲಿ. ಮಾಸ್ತರರು ಓಡಿಹೋಗಿ ಚಕ್ಕಡಿ ಹೂಡಿಸಿಕೊಂಡು ಬಂದರು. ಮಗ ತಲೆ ತಗ್ಗಿಸಿದ. ಅತ್ತೆ ಅವನ ಮುಖವನ್ನೇ ನೋಡಿದಳು.

“ಬ್ಯಾಡ್ರಿ ಮಾಸ್ತರ್ರ. ಅಂವ ನಡಕೊಂತ ಹೋದಾಂವ, ನಡಕೊಂತನ ಬರ್ತಾನ. ಎಷ್ಟ ಹೊತ್ತಾದ್ರೂ ಆಗ್ಲಿ.”

ಸಂತೆಗೆ ಬಂದ ಜನ ಅತ್ತಿತ್ತ ಸರಿದು ದಾರಿ ಬಿಟ್ಟರು. ದಾರಿಯುದ್ದಕ್ಕೂ ಅವನು ನಿಂತಾಗಲೆಲ್ಲ ಅತ್ತೆಯೂ ನಿಂತು, ತನ್ನ ಮೊಣಕಾಲು ಬಹಳ ನೋಯುತ್ತಿದೆ ಎಂದಳು. ಆಕೆಗೆ ಮೊಣಕಾಲು ನೋವಿದೆ ಎಂಬುದನ್ನು ನಾವು ಕೇಳಿದ್ದು ಅಂದೇ ಮೊದಲು.