ಪುಕ್ಕಟೆ ವೈಫೈಯೂ ಒಂದು ಮುಳ್ಳುಹಣ್ಣೂ

ವಿದೇಶಕ್ಕೆ ಹೋದವರು ಮನೆಗೆ ಮಾತಾಡಲು ದುಡ್ಡು ಖರ್ಚು ಮಾಡಬೇಕು ಎಂಬುದನ್ನು ನಾನು ಈ ಜನ್ಮದಲ್ಲಿ ಒಪ್ಪುವುದಿಲ್ಲ. ವಿಯೆಟ್ನಾಮಿಗೆ ಹೋಗುವ ಮೊದಲೂ ಒಪ್ಪಿರಲಿಲ್ಲ, ಅಲ್ಲಿ ಮಾನ ಕಳೆದುಕೊಂಡು ಬಂದ ಮೇಲೂ ಒಪ್ಪಿಲ್ಲ!

ಶಿಕಾರಿಪುರದಲ್ಲಿ ನಮ್ಮದೊಂದು ಬೀಜ, ಗೊಬ್ಬರದ ಅಂಗಡಿ. ಲೈಸೆನ್ಸು ನನ್ನ ಹೆಸರಿನಲ್ಲಿದೆ, ಗಲ್ಲಾಪೆಟ್ಟಿಗೆ ನಮ್ಮ ಯಜಮಾನರ ಕೈಯಲ್ಲಿದೆ. ಮೆಕ್ಕೆಜೋಳದ ಬೀಜ ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಡೀಲರುಗಳನ್ನೆಲ್ಲ ವಿಯೆಟ್ನಾಂ ಪ್ರವಾಸಕ್ಕೆ ಕರೆದರು. ಟಿಕೆಟ್ ಲೈಸೆನ್ಸಿನ ಹೆಸರಿಗೇ ಬಂತು. ಯಜಮಾನರ ಮುಖ ಬಾಡಿತು. ನಾನು ಹೊಸ ಸೂಟ್‌ಕೇಸ್ ಕೊಂಡೆ!

ಸಂಕಟವಿದ್ದದ್ದು ಬೇರೆ ಕಡೆ. ನನ್ನ ತಮ್ಮ ಹಾಲೇಶ ಸೊರಬದ ಹೊಸಬಾಳೆಯಲ್ಲಿ ಗದ್ದೆ ಮಾಡಿಕೊಂಡು ಕುರಿ ಸಾಕಿಕೊಂಡಿದ್ದಾನೆ. ಬಂಗಾರದಂಥ ಹುಡುಗ. ಆದರೆ ಈಗಿನ ಕಾಲದಲ್ಲಿ ಹುಡುಗ ಕುರಿ ಸಾಕುತ್ತಾನೆ ಎಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟು ಎದ್ದುಬಿಡುತ್ತಾರೆ. ಹುಡುಕಿ ಹುಡುಕಿ ಕೊನೆಗೆ ಆನವಟ್ಟಿ ಕಡೆಯ ಕಾವ್ಯ ಎಂಬ ಹುಡುಗಿಯನ್ನು ನಾನೇ ಗೊತ್ತು ಮಾಡಿದ್ದೆ. ಅವರು ಹೊಸಬಾಳೆಗೆ ಮನೆ ನೋಡಲು ಬರುವ ದಿನ ನಾನು ವಿಯೆಟ್ನಾಮಿನಲ್ಲಿ! ಅಪ್ಪ, ಅಮ್ಮ ಇಲ್ಲದ ಮನೆ. ತಮ್ಮನ ಪರವಾಗಿ ಮಾತಾಡಬೇಕಾದವಳು ನಾನು. ವಿಡಿಯೋ ಕಾಲ್ ಮಾಡುತ್ತೇನೆಂದು ಮಾತು ಕೊಟ್ಟೆ.

"ಹಂಗಾದ್ರೆ ರೋಮಿಂಗ್ ಪ್ಯಾಕ್ ಹಾಕಿಸ್ಕೋ. ಸುಮ್ನೆ ಹಠ ಮಾಡಬ್ಯಾಡ" ಎಂದರು ಯಜಮಾನರು.

"ಯಾಕ್ರೀ ಹಾಕಿಸ್ಬೇಕು? ಆ ರೊಕ್ಕಕ್ಕೆ ಒಂದು ಸೀರೆ ಬರ್ತದೆ. ಪ್ರಪಂಚದ ತುಂಬಾ ಪುಕ್ಕಟೆ ವೈಫೈ ಇರ್ತದಂತೆ."

"ಇರ್ತದೆ. ನಿಂಗೆ ಸಿಗಬೇಕಲ್ಲ!"

ಆ ಮಾತು ನನ್ನನ್ನು ಕೆಣಕಿತು. ಪ್ರವಾಸಕ್ಕೆ ಹೊರಟ ಡೀಲರುಗಳೆಲ್ಲ ಪ್ಯಾಕ್ ಹಾಕಿಸಿಕೊಂಡರು. ನಾನು ಮಾತ್ರ ತಲೆಯೆತ್ತಿ ವಿಮಾನ ಹತ್ತಿದೆ.

ವಿಯೆಟ್ನಾಮಿನ ವಿಮಾನ ನಿಲ್ದಾಣದಲ್ಲಿ ವೈಫೈ ಇತ್ತು. ಪುಕ್ಕಟೆಯೇ. ಆದರೆ ಅದು ನನ್ನ ನಂಬರಿಗೆ ಓಟಿಪಿ ಕಳಿಸುತ್ತೇನೆಂದಿತು. ನನ್ನ ನಂಬರಿಗೆ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಇದ್ದಿದ್ದರೆ ಇವರ ವೈಫೈಗೆ ನಾನೇಕೆ ಕೈಯೊಡ್ಡುತ್ತಿದ್ದೆ? ಇಷ್ಟು ಸಣ್ಣ ವಿಚಾರ ಆ ವಿಮಾನ ನಿಲ್ದಾಣಕ್ಕೆ ತಿಳಿಯಲಿಲ್ಲ. ಜೊತೆಯಲ್ಲಿದ್ದ ಶಿರಾಳಕೊಪ್ಪದ ಡೀಲರ್ ಚನ್ನಬಸಪ್ಪ ತನ್ನ ಫೋನ್ ಮುಂದೆ ಚಾಚಿದ. "ಅಕ್ಕಾರೆ, ನನ್ನ ಫೋನಲ್ಲಿ ಮಾತಾಡ್ರಿ. ಪ್ಯಾಕ್ ಐತಿ."

"ಬ್ಯಾಡ ತಮ್ಮ. ಹೋಟೆಲಲ್ಲಿ ಇರ್ತದೆ" ಎಂದೆ.

ಹೋಟೆಲಿನಲ್ಲೂ ಇತ್ತು. ಅದಕ್ಕೆ ರೂಮ್ ನಂಬರ್ ಮತ್ತು ಮನೆತನದ ಹೆಸರು ಬೇಕಿತ್ತು. ನಮಗೆಲ್ಲಿಯ ಮನೆತನದ ಹೆಸರು? ಇನಿಶಿಯಲ್ ಹಾಕಿದೆ, ಆಗಲಿಲ್ಲ. ಗಂಡನ ಹೆಸರು ಹಾಕಿದೆ, ಅವರು ಅಲ್ಲಿಯೂ ಕೆಲಸಕ್ಕೆ ಬರಲಿಲ್ಲ. ಮಾವನವರ ಹೆಸರು ಹಾಕಿದೆ. ಕೊನೆಗೆ ಊರಿನ ಹೆಸರನ್ನೂ ಹಾಕಿದೆ. ಹೋಟೆಲಿನ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಾಗ ತಿಳಿಯಿತು, ಟಿಕೆಟ್ ಮಾಡಿಸಿದ ಪುಣ್ಯಾತ್ಮ ನನ್ನ ಮನೆತನದ ಹೆಸರೆಂದು 'ಮಿಸೆಸ್' ಅಂತ ಬರೆಸಿದ್ದ! ಮಿಸೆಸ್ ಮನೆತನದವಳಾಗಿ ಒಳಗೆ ಹೋಗಲು ನೋಡುವಷ್ಟರಲ್ಲಿ, ತಪ್ಪು ಹೆಸರು ಹಾಕಿ ಹಾಕಿ ಆ ವೈಫೈ ನನ್ನ ಫೋನನ್ನೇ ಹೊರಗಟ್ಟಿತ್ತು.

ಅಷ್ಟೊತ್ತಿಗೆ ಹೊಸಬಾಳೆಗೆ ಹೆಣ್ಣಿನ ಕಡೆಯವರು ಬಂದು ಕೂರುವ ಸಮಯವಾಗಿತ್ತು. ನಾನು ಫೋನ್ ಹಿಡಿದು ಬೀದಿಗಿಳಿದೆ. ಎದುರಿಗೇ ಒಂದು ಹಣ್ಣಿನ ಅಂಗಡಿ. ಗೋಡೆಯ ಮೇಲೆ ವೈಫೈ ಪಾಸ್‌ವರ್ಡ್ ಬರೆದು ಅಂಟಿಸಿದ್ದರು. ಓಟಿಪಿ ಇಲ್ಲ, ಮನೆತನ ಇಲ್ಲ! ಸ್ಟೂಲ್ ಎಳೆದುಕೊಂಡು ಕೂತು ಕಾಲ್ ಮಾಡಿದೆ. ತಕ್ಷಣ, ಹೊಸಬಾಳೆಗೆ ಹೋಗಿದ್ದ ಯಜಮಾನರ ಮುಖ ಬಂತು.

"ನೋಡಿದ್ರಾ? ಪುಕ್ಕಟೆ!" ಎಂದೆ.

"ಮೆಲ್ಲಗೆ ಮಾತಾಡೇ, ಬೀಗರು ಕೂತಾರೆ" ಎಂದು ಅವರು ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದರು. ಜಗಲಿಯಲ್ಲಿ ಹುಡುಗಿಯ ಅಪ್ಪ, ಅಜ್ಜಿ, ಬಾಗಿಲ ಬಳಿ ಬೆವರುತ್ತಿದ್ದ ನನ್ನ ತಮ್ಮ, ಎಲ್ಲರೂ ಕಂಡರು. ಆಮೇಲೆ ಫೋನ್ ಕಾವ್ಯಳ ಕೈಗೆ ಹೋಯಿತು. ಅವಳು ನಗುತ್ತಾ, "ನಮಸ್ಕಾರ ಅಕ್ಕ" ಎಂದಳು. ಅಷ್ಟಕ್ಕೇ ಚಿತ್ರ ಅಲ್ಲಾಡದೆ ನಿಂತುಬಿಟ್ಟಿತು.

ಇತ್ತ ಅಂಗಡಿಯವಳಿಗೆ ನನ್ನ ಮೇಲೆ ಸಿಟ್ಟು. ಕೂತಾಗಿನಿಂದ ಏನೂ ಕೊಂಡಿರಲಿಲ್ಲವಲ್ಲ! ಎಳನೀರು ತಂದಳು, ತಲೆಯಾಡಿಸಿದೆ. ಕತ್ತರಿಸಿದ ಮಾವು ತಂದಳು, ಕೈಯಾಡಿಸಿದೆ. ಈ ಸಲ ಮೈತುಂಬ ಮುಳ್ಳಿದ್ದ, ಹಲಸಿನ ಮರಿಯಂಥ ಡುರಿಯನ್ ಎಂಬ ಹಣ್ಣನ್ನು ಬಿಡಿಸಿ ತಂದು ಮೂಗಿನ ಕೆಳಗೇ ಹಿಡಿದಳು. ಕೊಳೆತ ಈರುಳ್ಳಿಯನ್ನು ಹಳೆಯ ಸಾಕ್ಸಿನೊಳಗೆ ಕಟ್ಟಿಟ್ಟ ವಾಸನೆ! ನನ್ನ ತಾಳ್ಮೆ ಹರಿಯಿತು.

"ಬ್ಯಾಡ ಅಂದ್ರೆ ಬ್ಯಾಡ! ಎಷ್ಟು ಸಲ ಹೇಳ್ಬೇಕು? ಥೂ, ಏನು ವಾಸನೆ! ಇದನ್ನ ಯಾರು ಮನೆಯೊಳಗೆ ಸೇರಿಸ್ಕೊಳ್ತಾರೆ? ಪುಕ್ಕಟೆ ಕೊಟ್ರೂ ಬ್ಯಾಡ. ತಗೊಂಡು ನಡಿ ಇಲ್ಲಿಂದ!"

ಅಂಗಡಿಯವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಪೂರ್ತಿ ಅರ್ಥವಾಯಿತು. ಒಳಗೆ ಹೋಗಿ ವೈಫೈಯ ಸ್ವಿಚ್ ಆರಿಸಿದಳು.

ನಾನು ನೆಮ್ಮದಿಯಿಂದಿದ್ದೆ. ಹುಡುಗಿ ನಮಸ್ಕಾರ ಮಾಡಿದ್ದಾಳೆ, ಕೆಲಸ ಮುಗಿಯಿತು ಎಂದುಕೊಂಡು ಏಳುತ್ತಿದ್ದೆ. ಆಗ ಚನ್ನಬಸಪ್ಪ ಹೋಟೆಲಿನಿಂದ ಓಡಿ ಬಂದ.

"ಅಕ್ಕಾರೆ, ಏನು ಮಾತಾಡಿದ್ರಿ? ನಿಮ್ಮ ಯಜಮಾನ್ರು ನನಗೆ ಕಾಲ್ ಮಾಡಿ ಒದರಾಕತ್ತಾರ!"

ಫೋನ್ ತೆಗೆದುಕೊಂಡೆ. ಆ ಕಡೆ ಯಜಮಾನರು. "ಏನೇ ನಿನ್ನ ಬಾಯಿ! ಆ ಹುಡುಗಿ ನಮಸ್ಕಾರ ಅಂತಾಳೆ, ನೀನು 'ಥೂ, ವಾಸನೆ' ಅಂತೀಯಾ? ಅವ್ರ ಅಜ್ಜಿ ಹೋಗಿ ಕಾರಲ್ಲಿ ಕೂತಾರೆ!"

ಅಂದರೆ ಚಿತ್ರ ನಿಂತಿದ್ದರೂ ನನ್ನ ಮಾತು ಆ ಕಡೆಗೆ ಹೋಗಿತ್ತು! ಬೇಕಾದಾಗ ಓಟಿಪಿಯನ್ನೂ ತಲುಪಿಸದ ದೇಶ, ನನ್ನ ಬೈಗುಳವನ್ನು ಒಂದಕ್ಷರ ಬಿಡದೆ ಹೊಸಬಾಳೆಗೆ ಮುಟ್ಟಿಸಿತ್ತು. ತಮ್ಮನಿಗೆ ಕೂಡಿಬಂದಿದ್ದ ಒಂದೇ ಒಂದು ಸಂಬಂಧವನ್ನು ನಾನೇ ಮುರಿದೆನಲ್ಲ!

ಯಜಮಾನರು ವಿಡಿಯೋ ಹಾಕಿ ಕಾರಿನ ಕಿಟಕಿಯೊಳಗೆ ಫೋನ್ ಹಿಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಮುಖ ತಿರುಗಿಸಿಯೇ ಕೂತಿದ್ದರು.

"ಹಣ್ಣಿಗೆ ಯಾರಾದ್ರೂ ಹಂಗೆ ಬೈತಾರೇನು? ಎಂಥ ಸುಳ್ಳು ಮಾರಾಯ್ತಿ!"

"ನಿಮ್ಮಾಣೆ ಅಜ್ಜಿ, ಹಣ್ಣಿಗೇ ಬೈದಿದ್ದು!"

"ಹಂಗಾದ್ರೆ ತೋರ್ಸು. ತಿಂದೂ ತೋರ್ಸು."

ಅಂಗಡಿಯವಳ ಮುಂದೆ ಕೈ ಮುಗಿದು ನಿಂತೆ. ಅವಳೂ ಮುಖ ತಿರುಗಿಸಿದಳು. ಆ ಹೊತ್ತಿಗೆ ಪ್ರಪಂಚದಲ್ಲಿ ಯಾರೂ ನನ್ನ ಮುಖ ನೋಡಲು ತಯಾರಿರಲಿಲ್ಲ! ಕೊನೆಗೆ ಅವಳು ಬೆಲೆ ಹೇಳಿದಳು. ಅದು ರೋಮಿಂಗ್ ಪ್ಯಾಕಿಗಿಂತ ಜಾಸ್ತಿ ಇತ್ತು. ತುಟಿ ಪಿಟಕ್ಕೆನ್ನದೆ ಕೊಟ್ಟೆ.

ಚನ್ನಬಸಪ್ಪ ಮೂಗು ಮುಚ್ಚಿಕೊಂಡು ಫೋನ್ ಹಿಡಿದ. ನಾನು ಕುಲದೇವರನ್ನು ನೆನೆದು ಒಂದು ತೊಳೆ ಬಾಯಿಗಿಟ್ಟೆ. ನನ್ನ ಮುಖ ಏನೇನಾಯಿತೋ ನನಗೆ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು. ಆ ಕಡೆ ಮೊದಲು ಕಿಸಕ್ಕೆಂದವಳು ಕಾವ್ಯ. ಆಮೇಲೆ ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಸಾಕು ತಾಯಿ, ಉಗುಳು" ಎಂದು ಕಾರಿನಿಂದ ಇಳಿದರು.

"ಇಂಥ ಅಕ್ಕ ಇದ್ರೆ ಮನೇಲಿ ಬೇಜಾರು ಇರಲ್ಲ ಬಿಡಜ್ಜಿ" ಎಂದಳು ಕಾವ್ಯ. ಆ ಮಾತು ಕೇಳಿ ನನ್ನ ತಮ್ಮ ಬಾಗಿಲ ಬಳಿಯೇ ಕುಸಿದು ಕೂತ. ಸಂಜೆಯೊಳಗೆ ಎಲೆ ಅಡಿಕೆ ಬದಲಾಯಿಸಿಕೊಂಡರು.

ದುಡ್ಡು ಕೊಟ್ಟು ಕೊಂಡದ್ದನ್ನು ಎಸೆಯುವ ಜಾತಿಯವಳಲ್ಲ ನಾನು. ಉಳಿದ ಹಣ್ಣನ್ನು ಸೂಟ್‌ಕೇಸಿನಲ್ಲಿಟ್ಟೆ. ಹೋಟೆಲಿನವರು ವಾಸನೆ ಹಿಡಿದು ದಂಡ ಹಾಕಿದರು, ಹಣ್ಣನ್ನು ಕಸಿದುಕೊಂಡರು. ವಾಸನೆಯನ್ನು ಮಾತ್ರ ನನಗೇ ಬಿಟ್ಟರು.

ವಿಮಾನ ಇಳಿದವಳು ನೇರ ಹೊಸಬಾಳೆಗೆ ಹೋದೆ. ತಮ್ಮನ ಮನೆಯ ಬಾಗಿಲಲ್ಲೇ ನಿಂತು, ಅಲ್ಲಿದ್ದ ಯಜಮಾನರಿಗೆ ಗಟ್ಟಿಯಾಗಿ ಹೇಳಿದೆ. "ಏನೇ ಆಗ್ಲಿ ರೀ, ಫೋನ್ ಕಂಪನಿಗೆ ಒಂದು ಪೈಸೆ ಕೊಟ್ಟಿಲ್ಲ ನಾನು!"

"ದೊಡ್ಡ ಸಾಧನೆ" ಎಂದ ಯಜಮಾನರು ಮೂಗು ಮುಚ್ಚಿಕೊಂಡು ಸೂಟ್‌ಕೇಸನ್ನು ಒಯ್ದು ಹಿತ್ತಲಿನ ಕುರಿದೊಡ್ಡಿಯಲ್ಲಿಟ್ಟರು.

ಕುರಿಗಳು ಎದ್ದು ದೂರದ ಮೂಲೆಗೆ ಹೋಗಿ ನಿಂತವು.