ಬೆನ್ನುನೋವಿನವನು ಬಡಿಸಿದ ತುಪ್ಪ

ನನ್ನ ವಕೀಲರಿಗೆ ನಾನು ಫೀಸು ಕೊಡುವುದು ಸರಿ. ನನ್ನ ಮೇಲೆ ವಿಚ್ಛೇದನದ ಕೇಸು ಹಾಕಿದ ಹೆಂಡತಿಯ ವಕೀಲರಿಗೂ ನಾನೇ ಕೊಡಬೇಕಂತೆ! ನನಗೆ ಹೊಡೆಯುವ ದೊಣ್ಣೆಗೆ ನಾನೇ ಎಣ್ಣೆ ಹಚ್ಚಬೇಕೇ? ಇದು ಯಾವ ಸೀಮೆಯ ನ್ಯಾಯ ಎಂದು ತುಮಕೂರಿನ ಕೋರ್ಟಿನಲ್ಲೇ ಗುಡುಗಿದೆ. (ನ್ಯಾಯಾಧೀಶರು ಊಟಕ್ಕೆ ಎದ್ದುಹೋದ ಮೇಲೆ.)

ಉಮಾಮಹೇಶ್ವರಿ ಅಮೃತೂರಿನ ತವರು ಸೇರಿ ವರ್ಷವಾಗಿತ್ತು. ನಾನು ಮನೆಯಲ್ಲಿ ಕೂತಲ್ಲಿಂದ ಏಳುವುದಿಲ್ಲ, ಕುಡಿಯುವ ನೀರಿಗೂ ಕೂಗುತ್ತೇನೆ, ಕೇಳಿದರೆ ಬೆನ್ನು ಹಿಡಿದುಕೊಳ್ಳುತ್ತೇನೆ ಎಂಬುದು ಅವಳ ಮಹಾದೂರು. ವಿಚ್ಛೇದನ ಕೊಡುವವನು ನಾನಲ್ಲ. ಅವಳಿಲ್ಲದ ಮನೆ ನನಗೆ ಬೇಡ. ಹಾಗೆಂದು ಹೋಗಿ ಹೇಳುವುದು ಗಂಡಸಿನ ಲಕ್ಷಣವೇ? ಅದಕ್ಕೇ ವಾಯಿದೆ ಬಂದಾಗಲೆಲ್ಲ ವೈದ್ಯರ ಸರ್ಟಿಫಿಕೇಟು ಕಳಿಸಿದೆ: ಬೆನ್ನುನೋವು, ತಿಂಗಳು ಪೂರ್ತಿ ಹಾಸಿಗೆ, ಬಗ್ಗುವುದಂತೂ ಅಸಾಧ್ಯ.

ಕೆಲಸ ಕೆಡಿಸಿದ್ದು ಗುಬ್ಬಿಯ ಮದುವೆ. ನಮ್ಮ ದಾಯಾದಿಗಳಲ್ಲಿ ಇಂದಿಗೂ ನೆಲದ ಪಂಕ್ತಿ, ಬಡಿಸುವವರು ನೆಂಟರೇ. ಹೋಳಿಗೆಗೆ ತುಪ್ಪ ಬಿಡುವ ಗೌರವ ಮೊದಲಿಂದಲೂ ನನ್ನದು. ಆ ಗಿಂಡಿ ಇನ್ನೊಬ್ಬನ ಕೈಯಲ್ಲಿ ಕಂಡರೆ ನನಗೆ ಊಟ ಸೇರದು. ಹಾಸಿಗೆ ಬಿಟ್ಟು ಹೋದೆ. ಪಂಕ್ತಿಯಲ್ಲಿ ಉಮಾ ಕೂತಿದ್ದಳು. ಅವಳನ್ನು ದಾಟಿ ಹೋದರೆ ಪಂಕ್ತಿಭೇದದ ಪಾಪ ತಟ್ಟುವುದಿಲ್ಲವೇ? ಬಗ್ಗಿ, ಇನ್ನಷ್ಟು ಬಗ್ಗಿ, ತುಪ್ಪ ಬಿಡ್ಲಾ ಎಂದು ಕೇಳಿ ಧಾರಾಳವಾಗಿ ಬಿಟ್ಟೆ.

ಮದುವೆಯ ವಿಡಿಯೋ ಕೋರ್ಟಿಗೆ ಬಂತು. ಅವಳ ವಕೀಲೆ ಅನುಪಮಾ ನನ್ನ ಬಗ್ಗುವಿಕೆಯನ್ನು ಎರಡು ಸಲ ತೋರಿಸಿದರು. ಸುಳ್ಳು ಹೇಳಿ ಹೆಂಡತಿಯನ್ನು ವೃಥಾ ಅಲೆಸಿದ್ದಕ್ಕೆ ಆಕೆಯ ವಕೀಲರ ಫೀಸನ್ನು ಗಂಡನೇ ಕೊಡತಕ್ಕದ್ದು ಎಂದು ಆದೇಶವಾಯಿತು.

ಮುಖದ ಮೇಲೆ ಎಸೆದು ಬರುತ್ತೇನೆ ಎಂದು ದುಡ್ಡು ಹಿಡಿದು ಅಮೃತೂರಿನ ಬಸ್ಸು ಹತ್ತಿದೆ. ಅತ್ತೆ ಭದ್ರಮ್ಮನವರ ಮನೆಯಲ್ಲಿ ಅಂದು ಪೂಜೆ. ನಡುಮನೆಯಲ್ಲಿ ಎಲೆ ಹಾಕಿಕೊಂಡು ಅತ್ತೆ, ಉಮಾ, ಸಾಕ್ಷಾತ್ ಆ ವಕೀಲೆ, ಮೂವರೂ ಊಟ ಮುಗಿಸಿ ಕೈ ತೊಳೆಯಲು ಏಳುತ್ತಿದ್ದರು.

"ಫೀಸು ತಗೊಳ್ಳಿ. ಡೈವೋರ್ಸ್ ಮಾತ್ರ ಕೊಡಲ್ಲ," ಎಂದೆ.

ಉಮಾ ನನ್ನನ್ನೇ ನೋಡಿದಳು. "ಮದ್ವೆಯಾದಾಗ್ನಿಂದ ನೀವು ನನ್ನ ಎಲೆಗೆ ಬಡಿಸಿದ್ದು ಅವತ್ತೇ ಮೊದ್ಲು ಕಣ್ರೀ. ಅದೂ ಊರೋರೆಲ್ಲ ನೋಡ್ತಾವ್ರೆ ಅಂತ."

ಪಕ್ಕದಲ್ಲಿದ್ದ ತುಪ್ಪದ ಗಿಂಡಿಯನ್ನೇ ಎತ್ತಿಕೊಂಡೆ. "ಈಗ ಊರೋರು ಯಾರೂ ನೋಡ್ತಿಲ್ಲ. ಕೂತ್ಕೋ, ಬಡಿಸ್ತೀನಿ."

"ಊಟ ಆಯ್ತು. ಬಡಿಸಾಕೆ ಎಲ್ರೂ ಬತ್ತಾರೆ. ಮೊದ್ಲು ಎಲೆ ಎತ್ತಿ. ಕೇಸಿನ್ ವಿಷ್ಯ ಆಮೇಲೆ ಮಾತಾಡಾಣ."

ಎಂಜಲೆಲೆ! ಗುಬ್ಬಿಯ ತುಪ್ಪದ ಗಿಂಡಿಯ ಏಕೈಕ ವಾರಸುದಾರ ನಾನು, ನನ್ನ ದುಡ್ಡೇ ತಿಂದ ವಕೀಲೆಯ ಎಲೆ ಎತ್ತುವುದೇ? ಆಕೆ ನಗಲಿಲ್ಲ. "ಬೆನ್ನು ಜೋಪಾನ ಸಾರ್," ಎಂದು ದಾರಿ ಬಿಟ್ಟುಕೊಟ್ಟರು.

ಒಂದು ಮಾತು ನಿಮಗೆ ಸ್ಪಷ್ಟವಾಗಿರಲಿ. ನಾನು ಯಾರ ಮುಂದೆಯೂ ಬಗ್ಗುವವನಲ್ಲ. ಎಲೆ ನೆಲದ ಮೇಲಿತ್ತು, ಅಷ್ಟೇ.